ಮೈನೋವಿಗೆ ಶಾಖ ಕೊಡುವ ಯಂತ್ರಗಳನ್ನು ಉಪಯೋಗಿಸುವ ಕ್ರಮ

ನಾಟಿಯ ಕಾಲದಲ್ಲಿ ದಿನವೆಲ್ಲಾ ಬಗ್ಗಿ ಪೈರು ನೆಡುವವರಿಗೂ, ಸುಗ್ಗಿಯಲ್ಲಿ ಮೂಟೆ ಹೊರುವವರಿಗೂ ಸಂಜೆಯಾಗುತ್ತಲೇ ಸೊಂಟವೂ ಹೆಗಲೂ ಬಿಗಿದುಕೊಳ್ಳುವುದು ತಿಳಿದ ವಿಷಯವಷ್ಟೆ. ಇದಕ್ಕೆ ನಮ್ಮ ಹಿರಿಯರು ಉಪ್ಪನ್ನಾಗಲಿ ಮರಳನ್ನಾಗಲಿ ಬಾಣಲೆಯಲ್ಲಿ ಹುರಿದು, ಬಟ್ಟೆಯಲ್ಲಿ ಗಂಟುಕಟ್ಟಿ ಕಾವು ಕೊಡುತ್ತಿದ್ದರು. ಈಚೆಗೆ ವಿದ್ಯುಚ್ಛಕ್ತಿಯಿಂದ ಕಾಯ್ದು, ಅದುರುತ್ತ ಮೈಯನ್ನು ನೀವುವ ಪಟ್ಟಿಗಳೂ ದಿಂಬುಗಳೂ ಹಳ್ಳಿಯ ಮನೆಗಳಿಗೆ ಬಂದಿವೆ. ಎರಡರ ತತ್ತ್ವವೂ ಒಂದೇ. ಶಾಖ ತಗಲಿದೆಡೆ ರಕ್ತನಾಳಗಳು ಅಗಲವಾಗಿ ರಕ್ತಸಂಚಾರವು ಹೆಚ್ಚುವುದು, ಬಿಗಿದ ಮಾಂಸಖಂಡಗಳು ಸಡಿಲವಾಗುವುವು, ನೋವು ತಗ್ಗುವುದು.

ಆದರೆ ಒಂದು ಭೇದವುಂಟು. ಉಪ್ಪಿನ ಗಂಟು ತಾನಾಗಿಯೇ ಆರುವುದು. ಯಂತ್ರವು, ತಾನಾಗಿ ನಿಲ್ಲುವ ಏರ್ಪಾಡು ಇಲ್ಲದಿದ್ದರೆ, ಆರುವುದಿಲ್ಲ. ದಣಿದವನು ಅದನ್ನು ಸೊಂಟಕ್ಕೆ ಕಟ್ಟಿಕೊಂಡು ನಿದ್ರೆಹೋದರೆ, ಮೊದಲು ಹಿತವಾಗಿದ್ದ ಶಾಖವೇ ಬೆಳಗಾಗುವುದರೊಳಗೆ ಚರ್ಮವನ್ನು ಸುಡಬಹುದು. ಅಮೆರಿಕದ ಮಾರಿಟ್ಸ್ ಮತ್ತು ಹೆನ್ರಿಕ್ವೆಸ್ ಎಂಬ ವಿಜ್ಞಾನಿಗಳು 1947ರಲ್ಲಿ ಪ್ರಕಟಿಸಿದ ಪ್ರಯೋಗಗಳಂತೆ, 60 ಡಿಗ್ರಿ ಸೆಂಟಿಗ್ರೇಡ್ ಶಾಖವು ಚರ್ಮವನ್ನು ಕೆಡಿಸಲು ಸುಮಾರು 5 ಸೆಕೆಂಡುಗಳು ಸಾಕು. ಸ್ನಾನದ ನೀರಿಗಿಂತ ಸ್ವಲ್ಪವೇ ಹೆಚ್ಚೆನ್ನಬಹುದಾದ 44 ಡಿಗ್ರಿಗೆ ಸುಮಾರು 6 ಗಂಟೆಗಳು ಬೇಕು. ಎಂದರೆ ಒಂದು ರಾತ್ರಿಯ ನಿದ್ರೆ!

ಆದಕಾರಣ ಯಂತ್ರಕ್ಕೂ ಮೈಗೂ ನಡುವೆ ಒಣಗಿದ ದಪ್ಪ ಬಟ್ಟೆಯನ್ನು ಹಾಕಿ, ಕಡಮೆ ಶಾಖದಿಂದ ಆರಂಭಿಸಿ, ಒಂದೇ ಸ್ಥಳದಲ್ಲಿ 15ರಿಂದ 20 ನಿಮಿಷಗಳಿಗೆ ಮೀರದಂತೆ ಇಡತಕ್ಕದ್ದು. ಅದರ ಮೇಲೆ ಮಲಗಕೂಡದು. ಉರಿಯುವ ನೋವಿನೆಣ್ಣೆಯನ್ನು ಸವರಿ ಅದರ ಮೇಲೆ ಕಾವು ಕೊಡಕೂಡದು. ಬೆನ್ನುಮೂಳೆ, ಕುತ್ತಿಗೆಯ ಮುಂಭಾಗ ಇವುಗಳ ಮೇಲೆ ಯಂತ್ರವನ್ನು ಒತ್ತಬಾರದು. ತಂತಿಯು ಹರಿದಿದ್ದರೆ, ಅಥವಾ ಗದ್ದೆಯಿಂದ ಬಂದ ಕೈ ಒದ್ದೆಯಿದ್ದರೆ, ಯಂತ್ರದ ಗೊಡವೆಯೇ ಬೇಡ.

ಸಕ್ಕರೆ ರೋಗದಿಂದಾಗಲಿ ಕುಷ್ಠದಿಂದಾಗಲಿ ಪಾದಗಳ ಸ್ಪರ್ಶಜ್ಞಾನ ಕುಂದಿದವರ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಇವರಿಗೆ ಸುಟ್ಟದ್ದೇ ತಿಳಿಯದು. ಗುಳ್ಳೆಯೆದ್ದು ಹುಣ್ಣಾಗಿ, ಕೆಲವೊಮ್ಮೆ ಕಾಲನ್ನೇ ಕತ್ತರಿಸಬೇಕಾಗುವುದು. ಅಂತಹ ಪಾದಗಳಿಗೆ ಯಂತ್ರವಾಗಲಿ ಬಿಸಿನೀರಿನ ಚೀಲವಾಗಲಿ ಸಲ್ಲದು. ಮನೆಯಲ್ಲಿಯೂ ಆಳುಗಳಲ್ಲಿಯೂ ಇಂತಹವರು ಯಾರೆಂಬುದನ್ನು ಯಜಮಾನರು ಮೊದಲೇ ವಿಚಾರಿಸಿಟ್ಟುಕೊಂಡಿರುವುದು ಉತ್ತಮ. ಕೇಳದಿದ್ದರೆ ಅವರಾಗಿ ಹೇಳುವುದು ಅಪರೂಪ.

ಹೊಸದಾಗಿ ಉಳುಕಿ ಬಾತಿರುವ ಕಾಲಿಗೆ ಮೊದಲ ಎರಡು ದಿನ ತಣ್ಣೀರಿನ ಪಟ್ಟಿಯೇ ತಕ್ಕದ್ದು. ಶಾಖದಿಂದ ಬಾವು ಹೆಚ್ಚುವುದು. ಒಂದೇ ಮೀನಖಂಡವು ಊದಿ ನೋಯುತ್ತಿದ್ದರೆ ಒಳಗೆ ರಕ್ತವು ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕುವುದು ಪ್ರಾಣಾಪಾಯಕರ. ಸೊಂಟನೋವಿನೊಡನೆ ಕಾಲು ಜೋಮುಹಿಡಿದು ಬಲಗುಂದಿದರೆ, ಅಥವಾ ಮೂತ್ರವು ಕಟ್ಟಿದರೆ, ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕು.

ಎಷ್ಟು ಜಾಗ್ರತೆಯಿದ್ದರೂ ಸುಟ್ಟಿತೆನ್ನಿ. ಆಗ ತುಪ್ಪ, ಮಸಿ, ಹಲ್ಲುಪುಡಿ ಇವೊಂದನ್ನೂ ಹಚ್ಚದೆ, ಸುಟ್ಟ ಭಾಗದ ಮೇಲೆ 20 ನಿಮಿಷಗಳ ಕಾಲ ಶುದ್ಧವಾದ ತಣ್ಣೀರನ್ನು ಹರಿಯಬಿಟ್ಟು, ಮಡಿಬಟ್ಟೆಯನ್ನು ಸಡಿಲವಾಗಿ ಹೊದಿಸಿ, ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ಗುಳ್ಳೆಯನ್ನು ಒಡೆಯಬಾರದು.