ಮಗುವಿನ ಕೈಗೆ ಹಾಕಿ ಸ್ಟಿಕ್, ಅಪ್ಪನ ಕೈಗೆ ಲೆಕ್ಕದ ಪುಸ್ತಕ

ಬಳ್ಳಾರಿಯಲ್ಲಿ ಮಗ ಕ್ರಿಕೆಟ್ ಆಡುತ್ತಾನೆಂದರೆ ಯಾರೂ ತಿರುಗಿ ನೋಡುವುದಿಲ್ಲ. ಕಬಡ್ಡಿ ಎಂದರೆ ಬೆನ್ನು ತಟ್ಟುತ್ತಾರೆ. ಹಾಕಿ ಎಂದರೆ ಮಾತ್ರ, ‘ಅದು ಕೊಡಗಿನವರ ಆಟ ಅಲ್ವೇನ್ರೀ?’ ಎಂದು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. 1997ರಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಬಂದಿದ್ದವು, ಒಂದೊಂದು ಮನೆತನಕ್ಕೆ ಒಂದೊಂದು ತಂಡ. ಅಲ್ಲಿ ಹುಡುಗನಿಗೆ ಸ್ಟಿಕ್ ಕೊಡಲು ಚಿಕ್ಕಪ್ಪ ಇರುತ್ತಾನೆ, ಮೈದಾನಕ್ಕೆ ಕರೆದೊಯ್ಯಲು ಅಣ್ಣ ಇರುತ್ತಾನೆ, ಖರ್ಚನ್ನು ಇಡೀ ಮನೆತನ ಹೊರುತ್ತದೆ. ನಮ್ಮ ಸಿರುಗುಪ್ಪ, ಕುರುಗೋಡಿನಲ್ಲಿ ಇದೆಲ್ಲ ಒಂದೇ ಮನೆಯ ತಲೆ ಮೇಲೆ ಬೀಳುತ್ತದೆ. ಆ ಮನೆಯವರಿಗಾಗಿ ಈ ಸೂತ್ರಗಳು.

1. ಸ್ಟಿಕ್ ಕೊಡಿಸುವ ಮೊದಲು ಕಾಲು ನೋಡಿ

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿಗೆ ಚಿಕ್ಕ ಮಕ್ಕಳನ್ನು ಆರಿಸುವಾಗ ಮುಖ್ಯವಾಗಿ ನೋಡುವುದು ಓಟ, ಜಿಗಿತ, ಎತ್ತರ. ಹತ್ತು ವರ್ಷದ ಹುಡುಗ ಚೆಂಡನ್ನು ಎಷ್ಟು ಚೆಂದ ಡ್ರಿಬಲ್ ಮಾಡುತ್ತಾನೆ ಎಂಬುದಕ್ಕಿಂತ, ನಿಂತಲ್ಲಿಂದ ಎಷ್ಟು ದೂರ ಹಾರುತ್ತಾನೆ ಎಂಬುದಕ್ಕೆ ಅಲ್ಲಿ ಬೆಲೆ ಹೆಚ್ಚು. ಕೇರಳದ ಪಿ.ಆರ್. ಶ್ರೀಜೇಶ್ ತಿರುವನಂತಪುರದ ಜಿ.ವಿ. ರಾಜಾ ಕ್ರೀಡಾ ಶಾಲೆ ಸೇರಿದಾಗ ಅವರು ಹಾಕಿ ಆಟಗಾರರಾಗಿರಲಿಲ್ಲ. ಓಟ, ಜಿಗಿತ, ವಾಲಿಬಾಲ್ ಎಲ್ಲದರಲ್ಲೂ ಕೈಯಾಡಿಸಿದ ಹುಡುಗ ಅಲ್ಲಿಗೆ ಹೋದ ಮೇಲೆ ಹಾಕಿ ಹಿಡಿದು, ಟೋಕಿಯೊ ಮತ್ತು ಪ್ಯಾರಿಸ್ ಎರಡು ಒಲಿಂಪಿಕ್ಸ್‌ಗಳಲ್ಲಿ ಕಂಚು ಗೆದ್ದ ಭಾರತ ತಂಡದ ಗೋಲ್‌ಕೀಪರ್ ಆದರು. ಮೊದಲ ಎರಡು ವರ್ಷ ಮಗು ಓಡಲಿ, ಹಗ್ಗ ಜಿಗಿಯಲಿ, ಕಾಲುವೆ ಏರಿ ಹತ್ತಿಳಿಯಲಿ. ಈ ಎರಡು ವರ್ಷದ ಖರ್ಚು ಒಂದು ಜೊತೆ ಬೂಟು, ದಿನಾ ಎರಡು ಮೊಟ್ಟೆ ಅಥವಾ ಹಾಲು, ಶೇಂಗಾ. ಅಷ್ಟೆ.

2. ಟರ್ಫ್ ಇಲ್ಲವೆಂದು ಅಳುವ ಬದಲು ನೆಲ ಹುಡುಕಿ

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೃತಕ ಹುಲ್ಲಿನ ಮೇಲೆ ಹಾಕಿ ಶುರುವಾದಂದಿನಿಂದ ಮಣ್ಣಿನ ಹುಡುಗರಿಗೆ ದಾರಿ ಕಡಿದಾಯಿತು, ನಿಜ. ಆದರೆ ಹನ್ನೆರಡು-ಹದಿಮೂರರವರೆಗೆ ಟರ್ಫ್‌ನ ಚಿಂತೆ ಬೇಡ. ನಮ್ಮ ಸಮಸ್ಯೆ ಬೇರೆ: ಎರೆಮಣ್ಣು. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು, ಮಳೆ ಬಿದ್ದರೆ ಬೂಟಿಗೆ ಸೇರುಗಟ್ಟಲೆ ಅಂಟು. ಅಂಥ ನೆಲದಲ್ಲಿ ಹಾಕಿ ಚೆಂಡು ಉರುಳುವುದಿಲ್ಲ, ಪುಟಿಯುತ್ತದೆ. ಚೆಂಡಿನ ತೂಕ 160 ಗ್ರಾಂ ಆಸುಪಾಸು, ಮೈಯೆಲ್ಲ ಕಲ್ಲಿನಷ್ಟು ಗಟ್ಟಿ. ಬಿರುಕಿಗೆ ತಾಗಿ ಮೇಲೆದ್ದರೆ ನೇರ ಬಾಯಿಗೆ.

ಮಸಾರೆ ನೆಲದ ಶಾಲಾ ಮೈದಾನ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಕಣ ಇದೆ. ನೀರು ಹೊಡೆದು, ಸಗಣಿ ಸಾರಿಸಿ, ರೋಲರ್ ಓಡಿಸಿದ ಒಕ್ಕಲು ಕಣದ ಮೇಲೆ ಚೆಂಡು ಗೆರೆ ಎಳೆದಂತೆ ಹೋಗುತ್ತದೆ. ಚೆಂಡು ತಡೆಯುವುದು, ತಳ್ಳುವುದು, ಬಲ-ಎಡ ಹೊರಳಿಸುವುದು ಇಷ್ಟಕ್ಕೆ ಆ ಜಾಗ ಧಾರಾಳ ಸಾಕು. ಮೆಣಸಿನಕಾಯಿ ಹರವಿದ ದಿನಗಳಲ್ಲಿ ಮಾತ್ರ ಕಣ ಸಿಗುವುದಿಲ್ಲ, ಸಿಕ್ಕರೂ ಘಾಟಿಗೆ ಸೀನುತ್ತಲೇ ಆಡಬೇಕು. ಆಗ ಶಾಲೆಯ ಸಿಮೆಂಟ್ ಪ್ರಾರ್ಥನಾ ಕಟ್ಟೆ ಇದ್ದೇ ಇದೆ. ಅಲ್ಲಿಗೆ ಹಳೆಯ ಸ್ಟಿಕ್ ಒಯ್ಯಿರಿ, ಸಿಮೆಂಟ್ ಸ್ಟಿಕ್‌ನ ಮೂತಿಯನ್ನು ತಿಂಗಳೊಪ್ಪತ್ತಿನಲ್ಲಿ ಸವೆಸುತ್ತದೆ.

ಹದಿನಾಲ್ಕಾದ ಮೇಲೂ ಮಗು ಹಾಕಿಯನ್ನೇ ಹಿಡಿದು ಕೂತರೆ ಟರ್ಫ್ ಬೇಕೇ ಬೇಕು. ಟರ್ಫ್‌ನಲ್ಲಿ ಚೆಂಡಿನ ವೇಗವೇ ಬೇರೆ, ಬೆನ್ನು ಬಾಗಿಸುವ ಬಗೆಯೇ ಬೇರೆ. ಆ ಹೊತ್ತಿಗೆ ಎಂಟನೆಯ ಸೂತ್ರ ಓದಿ.

3. ಮೊದಲ ಸ್ಟಿಕ್ ಅಗ್ಗದ್ದಿರಲಿ, ಹಲ್ಲಿನ ವಿಷಯದಲ್ಲಿ ಜಿಪುಣತನ ಬೇಡ

ಜಲಂಧರ್, ಮೀರತ್‌ಗಳಲ್ಲಿ ತಯಾರಾದ ಮರದ ಸ್ಟಿಕ್ ಸಾವಿರ ರೂಪಾಯಿಯ ಆಚೀಚೆ ಸಿಗುತ್ತದೆ. ಕಾರ್ಬನ್ ಬೆರೆಸಿದ ಕಾಂಪೊಸಿಟ್ ಸ್ಟಿಕ್‌ಗೆ ಅದರ ಹತ್ತುಪಟ್ಟೂ ಆದೀತು. ಕಾರ್ಬನ್ ಹೆಚ್ಚಾದಷ್ಟೂ ಸ್ಟಿಕ್ ಬಿರುಸು, ಎಳೆಯ ಕೈಗೆ ಚೆಂಡು ಹಿಡಿತಕ್ಕೇ ಸಿಗುವುದಿಲ್ಲ. ಅಂಗಡಿಯವನು ‘ಇಂಡಿಯಾ ಟೀಮಿನವರು ಇದನ್ನೇ ಬಳಸೋದು ಸಾರ್’ ಎಂದರೆ ನಕ್ಕು ಹೊರಗೆ ಬನ್ನಿ. ಸ್ಟಿಕ್ ನಿಲ್ಲಿಸಿದರೆ ಮಗುವಿನ ಸೊಂಟದ ಮಟ್ಟಕ್ಕೆ ಬರಬೇಕು. ‘ಬೆಳೆಯುವ ಹುಡುಗ, ದೊಡ್ಡದೇ ಇರಲಿ’ ಎಂಬ ಯೂನಿಫಾರ್ಮ್ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಉದ್ದ ಸ್ಟಿಕ್ ಹಿಡಿದವನು ನೆಟ್ಟಗೆ ನಿಂತು ಆಡುವ ಚಾಳಿ ಕಲಿಯುತ್ತಾನೆ, ಆಮೇಲೆ ಬಿಡಿಸುವುದು ಕಷ್ಟ.

ಭಾರತಕ್ಕೆ ಆಡಿದ ಇಬ್ಬರನ್ನು ನೋಡಿ: ಸೋಮವಾರಪೇಟೆಯ ಎಸ್.ವಿ. ಸುನಿಲ್ ಬಿದಿರಿನ ಕೋಲು ಹಿಡಿದು ಆಟ ಕಲಿತವರು. ಅವರ ತಂದೆ ಬಡಗಿ. ಹರಿಯಾಣದ ರಾಣಿ ರಾಂಪಾಲ್ ಮುರಿದ ಸ್ಟಿಕ್‌ನಲ್ಲಿ ಶುರು ಮಾಡಿದರು, ತಂದೆ ಗಾಡಿ ಎಳೆಯುತ್ತಿದ್ದವರು. ಇವನ್ನು ಸ್ಫೂರ್ತಿ ಕತೆಯೆಂದು ಹೇಳಿ ಹೇಳಿ ಸವೆಸಿದ್ದಾರೆ. ಅಪ್ಪ-ಅಮ್ಮಂದಿರು ಇದರಲ್ಲಿ ಹಿಡಿಯಬೇಕಾದ್ದು ಖರ್ಚಿನ ಲೆಕ್ಕವನ್ನು: ಕಲಿಯುವ ಹಂತದಲ್ಲಿ ಸ್ಟಿಕ್‌ನ ಬೆಲೆಗೂ ಆಟಕ್ಕೂ ಸಂಬಂಧ ಕಡಿಮೆ.

ಬಾಯಿಗಾಪು ಮತ್ತು ಮೊಣಕಾಲ ಕೆಳಗಿನ ಗಾರ್ಡ್‌ನ ಮಾತು ಬೇರೆ. ಮೊದಲ ದಿನದಿಂದಲೇ ಇರಬೇಕು. ಎರಡೂ ಸೇರಿ ಒಂದು ಹಲ್ಲಿನ ರೂಟ್ ಕೆನಾಲ್‌ಗಿಂತ ಅಗ್ಗ.

4. ಗೋಲ್‌ಕೀಪರ್ ಕಿಟ್ ಒಬ್ಬರ ಮನೆಯದಾಗಬಾರದು

ಪ್ಯಾಡು, ಕಿಕ್ಕರ್, ಗ್ಲೌಸು, ಎದೆಕವಚ, ಹೆಲ್ಮೆಟ್ ಎಲ್ಲ ಸೇರಿದರೆ ಸಾಧಾರಣ ಕಿಟ್ಟೂ ಹತ್ತಾರು ಸಾವಿರ ದಾಟುತ್ತದೆ. ಶ್ರೀಜೇಶ್‌ಗೆ ಕಿಟ್ ಕೊಡಿಸಲು ರೈತನಾದ ಅವರ ತಂದೆ ಮನೆಯ ಹಸುವನ್ನು ಮಾರಿದ್ದರು. ಶ್ರೀಜೇಶ್ ಗೆದ್ದರು, ಆ ಹಸುವಿನ ಕತೆ ಊರಿಗೆಲ್ಲ ಗೊತ್ತಾಯಿತು. ಮಾರಿದ ಮಿಕ್ಕ ಹಸುಗಳ ಕತೆ ಯಾರೂ ಬರೆದಿಲ್ಲ. ಶಾಲೆಯೋ ಕ್ಲಬ್ಬೋ ಒಂದು ಕಿಟ್ ಕೊಂಡು ಬೀರುವಿನಲ್ಲಿ ಇಟ್ಟುಕೊಳ್ಳಲಿ. ಶಾಲಾಭಿವೃದ್ಧಿ ಸಮಿತಿಯಲ್ಲಿ ಪಟ್ಟು ಹಿಡಿಯಿರಿ, ಊರಿನ ಅಕ್ಕಿ ಗಿರಣಿ ಮಾಲೀಕರನ್ನು ಕೇಳಿ. ಜಾತ್ರೆಯ ಪೆಂಡಾಲಿಗೆ ಕೊಡುವವರು ಇದಕ್ಕೂ ಕೊಟ್ಟಾರು. ಅಲ್ಲಿಯವರೆಗೆ ನಿಮ್ಮ ಮಗ ಫಾರ್ವರ್ಡ್ ಆಡಲಿ.

5. ನಿಜವಾದ ಖರ್ಚು ರಸ್ತೆಯಲ್ಲಿದೆ

ತರಬೇತಿಗೆಂದು ಹೊರಟರೆ ಸಿರುಗುಪ್ಪದಿಂದ ಬಳ್ಳಾರಿಗೆ ಸುಮಾರು 55 ಕಿ.ಮೀ., ಕುರುಗೋಡಿನಿಂದ ಅದರ ಅರ್ಧ. ಸಿರುಗುಪ್ಪದ ಅಪ್ಪ ಬೈಕಿನಲ್ಲಿ ಒಮ್ಮೆ ಮಗನನ್ನು ಕರೆತಂದು ಕರೆದೊಯ್ದರೆ ಎರಡು ಲೀಟರಿಗೂ ಮೇಲೆ ಪೆಟ್ರೋಲು. ತಿಂಗಳ ನಾಲ್ಕು ಭಾನುವಾರ ಎಂದರೆ ಒಂದು ಮರದ ಸ್ಟಿಕ್‌ನ ಬೆಲೆ ಹೆಚ್ಚೂ ಕಡಿಮೆ ಹೊಗೆಯಾಗಿ ಹೋಯಿತು. ಜೊತೆಗೆ ಅಂದಿನ ಕೂಲಿಯೋ ಅಂಗಡಿ ವ್ಯಾಪಾರವೋ ಹೋಯಿತು. ಅದನ್ನು ಯಾರೂ ಲೆಕ್ಕಕ್ಕೆ ಬರೆಯುವುದಿಲ್ಲ, ಬರೆಯಿರಿ.

ದಾರಿ ಏನೆಂದರೆ, ವಾರಕ್ಕೆ ಐದು ದಿನ ಊರಲ್ಲೇ ಪಿಟಿ ಮೇಷ್ಟ್ರ ಕೈಯಲ್ಲಿ ಅಭ್ಯಾಸ, ತಿಂಗಳಿಗೆ ಒಂದೋ ಎರಡೋ ಸಲ ಬಳ್ಳಾರಿ. ಇನ್ನೂ ನಾಲ್ಕು ಮಕ್ಕಳನ್ನು ಕೂಡಿಸಿಕೊಂಡರೆ ಪಾಳಿ ಪ್ರಕಾರ ಒಬ್ಬ ಹಿರಿಯ ಹೋದರೆ ಸಾಕು. ಕೊಡಗಿನ ಚಿಕ್ಕಪ್ಪ-ಅಣ್ಣಂದಿರ ಕೆಲಸವನ್ನು ನಮ್ಮ ಕಡೆ ಓಣಿಯವರೇ ಹಂಚಿಕೊಳ್ಳಬೇಕು.

ಹೆಣ್ಣುಮಕ್ಕಳ ಅಪ್ಪ-ಅಮ್ಮಂದಿರಿಗೆ ಇಲ್ಲೊಂದು ಅನುಕೂಲವಿದೆ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ತಾಯಿ-ಮಗಳು ಇಬ್ಬರೂ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸು ಹತ್ತಿದರೆ ಪ್ರಯಾಣದ ಖರ್ಚು ಸೊನ್ನೆ. ಹಾಕಿಗೆ ಬರುವ ಹುಡುಗಿಯರ ಸಂಖ್ಯೆಯೂ ನಮ್ಮ ಕಡೆ ಕಡಿಮೆ, ಹಾಗಾಗಿ ಪೈಪೋಟಿಯೂ ಕಡಿಮೆ. ಆಸಕ್ತಿಯಿರುವ ಮಗಳು ಮನೆಯಲ್ಲಿದ್ದರೆ ಮಗನಿಗಿಂತ ಅವಳ ಮೇಲೆ ಹಾಕಿದ ದುಡ್ಡು, ಶ್ರಮ ಬೇಗ ಫಲ ಕೊಟ್ಟೀತು ಎಂಬುದು ನನ್ನ ಅಭಿಪ್ರಾಯ. ಕೆಲವು ಮನೆಗಳಲ್ಲಿ ಇದಕ್ಕೆ ಮುಖ ಗಂಟಿಕ್ಕುತ್ತಾರೆ. ಗಂಟಿಕ್ಕಲಿ.

6. ಸುಗ್ಗಿಗೆ ಹೊಂದಿಸಿ ಖರ್ಚು ಮಾಡಿ, ಸಾಲಕ್ಕೆ ಹೋಗಬೇಡಿ

ಸಿರುಗುಪ್ಪದ ಭತ್ತದ ಮನೆಗೆ ದುಡ್ಡು ಬರುವುದು ವರ್ಷಕ್ಕೆ ಎರಡು ಸಲ, ಅದೂ ಕಾಲುವೆಗೆ ಎರಡನೇ ಬೆಳೆಯ ನೀರು ಬಿಟ್ಟರೆ. 2024ರ ಆಗಸ್ಟ್‌ನಲ್ಲಿ, ಆ ಕಾಲುವೆಗೆ ನೀರುಣಿಸುವ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್‌ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದ ರಾತ್ರಿ, ಇಡೀ ಸೀಮೆಯ ಖರ್ಚಿನ ಪಟ್ಟಿ ಒಮ್ಮೆಲೇ ಬದಲಾಯಿತು. ಇಂಥ ಆದಾಯದ ಮೇಲೆ ತಿಂಗಳ ಕಂತಿನ ಅಕಾಡೆಮಿ ಶುಲ್ಕ ಕಟ್ಟುವ ಒಪ್ಪಂದ ಬೇಡ. ಸುಗ್ಗಿಯಾದ ವಾರವೇ ವರ್ಷದ ಬೂಟು, ಸ್ಟಿಕ್, ಟೂರ್ನಿ ಪ್ರಯಾಣದ ದುಡ್ಡನ್ನು ತೆಗೆದು ಬೇರೆ ಖಾತೆಗೆ ಹಾಕಿಬಿಡಿ. ಅದು ಮುಗಿದರೆ ಆ ವರ್ಷದ ಹಾಕಿ ಖರ್ಚು ಮುಗಿಯಿತು. ಬೇಸಿಗೆ ರಜೆಯಲ್ಲಿ ಬೆಂಗಳೂರಿನ ದುಬಾರಿ ಕ್ಯಾಂಪ್‌ಗೆ ಬಂಗಾರ ಒತ್ತೆಯಿಟ್ಟು ಕಳಿಸುವವರಿದ್ದಾರೆ. ಹದಿನೈದು ದಿನದ ಕ್ಯಾಂಪ್‌ನಿಂದ ಟೀಶರ್ಟು ಮತ್ತು ಫೋಟೊ ಖಂಡಿತ ಬರುತ್ತವೆ.

7. ಎದುರಾಳಿ ಇಲ್ಲದೆ ಗೆದ್ದ ಕಪ್ಪನ್ನು ನಂಬಬೇಡಿ

2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾದ ಮೇಲೆ ಬಳ್ಳಾರಿಗೆ ಉಳಿದದ್ದು ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರು ಐದೇ ತಾಲ್ಲೂಕು. ಶಾಲಾ ಕ್ರೀಡಾಕೂಟದಲ್ಲಿ ಕಬಡ್ಡಿ, ಕೊಕ್ಕೊಗೆ ತಂಡಗಳು ಸಾಲುಗಟ್ಟಿರುತ್ತವೆ. ಹಾಕಿಗೆ ಒಂದೇ ತಂಡ ಬಂದರೆ ಅದೇ ಗೆದ್ದಂತೆ, ಆಡದೆಯೇ ಮುಂದಿನ ಹಂತ. ಮಗು ‘ಜಿಲ್ಲಾ ಮಟ್ಟ ಗೆದ್ದೆ’ ಎಂದು ಬಂದಾಗ ಸಿಹಿ ಹಂಚಿ, ಜೊತೆಗೆ ‘ಎಷ್ಟು ಪಂದ್ಯ ಆಡಿದಿರಿ?’ ಎಂದೂ ಕೇಳಿ. ನಿಜವಾದ ಅಳತೆ ಕಲಬುರಗಿ ವಿಭಾಗ ಮಟ್ಟದಲ್ಲಿ ಸಿಗುತ್ತದೆ, ಅದಕ್ಕಿಂತ ಖಚಿತವಾಗಿ ರಾಜ್ಯ ಮಟ್ಟದಲ್ಲಿ ಕೊಡಗಿನ ಹುಡುಗರ ಎದುರು ನಿಂತಾಗ ಸಿಗುತ್ತದೆ. ಏಳು ಗೋಲಿನಿಂದ ಸೋತು ಬಂದರೂ ಆ ಪ್ರಯಾಣದ ದುಡ್ಡು ಸಾರ್ಥಕ. ಸೋತ ಪಂದ್ಯದಲ್ಲಿ ನಿಮ್ಮ ಮಗ ಕೊನೆಯ ಹದಿನೈದು ನಿಮಿಷವೂ ಓಡುತ್ತಿದ್ದನೇ ಎಂದು ಮೇಷ್ಟ್ರನ್ನು ವಿಚಾರಿಸಿ, ಅಷ್ಟು ಸಾಕು.

8. ಹಾಸ್ಟೆಲಿಗೆ ಕಳಿಸುವುದೇ ದೊಡ್ಡ ನಿರ್ಧಾರ

ಹಾಕಿಯಲ್ಲಿ ಒಂದು ಒಳ್ಳೆಯ ಸಂಗತಿಯಿದೆ. ದುಡ್ಡಿಲ್ಲದವರ ದಾರಿಯೇ ಇಲ್ಲಿ ರಾಜಮಾರ್ಗ. ಇಲಾಖೆಯ ಕ್ರೀಡಾ ನಿಲಯಗಳಲ್ಲಿ ಊಟ, ವಸತಿ, ತರಬೇತಿ, ಕಿಟ್ ಸರ್ಕಾರದ್ದು. ಪ್ರವೇಶ ಸಾಮಾನ್ಯವಾಗಿ ಐದನೇ ಮತ್ತು ಎಂಟನೇ ತರಗತಿಗೆ. ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರಗಳು ಬೇರೆ ಇವೆ. ಕೇಂದ್ರದ ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದ ಕ್ರೀಡಾಪಟುವಿಗೆ ಕೈಖರ್ಚಿಗೇ ತಿಂಗಳಿಗೆ 10,000 ರೂಪಾಯಿಯ ಲೆಕ್ಕವಿದೆ. ಯಾವ ನಿಲಯದಲ್ಲಿ ಈ ವರ್ಷ ಹಾಕಿ ಸೀಟಿದೆ, ಆಯ್ಕೆ ಯಾವಾಗ ಎಂದು ಬಳ್ಳಾರಿಯ ಇಲಾಖಾ ಕಚೇರಿಯಲ್ಲಿ ಡಿಸೆಂಬರ್‌ನಲ್ಲೇ ವಿಚಾರಿಸಿ. ಪತ್ರಿಕೆಯ ಮೂಲೆಯಲ್ಲಿ ಬಂದ ಪ್ರಕಟಣೆ ಕಣ್ಣಿಗೆ ಬೀಳುವ ಹೊತ್ತಿಗೆ ದಿನಾಂಕ ಮುಗಿದಿರುತ್ತದೆ.

ಐದನೇ ತರಗತಿಗೇ ಕಳಿಸಬೇಕೆ? ನನ್ನ ಮಟ್ಟಿಗೆ ಬೇಡ. ಹತ್ತು ವರ್ಷದ ಮಗು ರಾತ್ರಿ ಜ್ವರ ಬಂದರೆ ಯಾರನ್ನು ಕರೆಯಬೇಕೆಂದು ಗೊತ್ತಾಗದೆ ಮಲಗಿರುತ್ತದೆ. ಎಂಟನೇ ತರಗತಿಯ ಹೊತ್ತಿಗೆ ಮಗುವಿನ ಇಷ್ಟ ಯಾವುದು, ಅಪ್ಪನ ಹಟ ಯಾವುದು ಎಂಬುದೂ ಬೇರ್ಪಟ್ಟಿರುತ್ತದೆ. ಮನೆಯಲ್ಲಿ ತೀರಾ ಕಷ್ಟವಿದ್ದು, ಹಾಸ್ಟೆಲಿನಲ್ಲಾದರೂ ಹೊಟ್ಟೆ ತುಂಬ ಉಂಡಾನು ಎಂಬ ಸ್ಥಿತಿಯಿದ್ದರೆ ಲೆಕ್ಕ ಬೇರೆ, ಆಗ ಐದನೇ ತರಗತಿಗೇ ಕಳಿಸಿ.

ಸೇರಿಸುವ ಮುನ್ನ ಒಮ್ಮೆ ಹೋಗಿ ನೋಡಿ. ಕೊಡಗಿನ ಕಡೆಯ ನಿಲಯವಾದರೆ ಬಳ್ಳಾರಿಯಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮೈಸೂರು, ಅಲ್ಲಿಂದ ಬಸ್ಸು. ಅಡುಗೆಮನೆಗೆ ಹೋಗಿ, ಶೌಚಾಲಯ ನೋಡಿ. ಕೋಚ್ ಕಾಯಂ ನೌಕರರೋ ಗುತ್ತಿಗೆಯವರೋ, ವಾರದಲ್ಲಿ ಎಷ್ಟು ದಿನ ಟರ್ಫ್ ಮೇಲೆ ಆಟ, ಹೆಣ್ಣುಮಕ್ಕಳ ನಿಲಯದಲ್ಲಿ ರಾತ್ರಿ ಮಹಿಳಾ ವಾರ್ಡನ್ ಇರುತ್ತಾರೋ, ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದ್ದು, ಪ್ರದರ್ಶನ ಸಾಲದೆಂದು ವರ್ಷದ ನಡುವೆ ಮನೆಗೆ ಕಳಿಸಿದರೆ ಶಾಲೆಯ ಕತೆ ಏನು, ಇವನ್ನು ಮುಲಾಜಿಲ್ಲದೆ ಕೇಳಿ. ಆಮೇಲೆ ಅಲ್ಲಿನ ಹಿರಿಯ ಹುಡುಗರ ಜೊತೆ ಐದು ನಿಮಿಷ ಒಬ್ಬರೇ ಮಾತಾಡಿ. ವಾರ್ಡನ್ ಹೇಳದ್ದನ್ನು ಅವರು ಹೇಳುತ್ತಾರೆ.

9. ವಯಸ್ಸು ತಿದ್ದಿಸಬೇಡಿ

‘ಎರಡು ವರ್ಷ ಕಡಿಮೆ ಮಾಡಿಸಿಬಿಡಿ, ಸೆಲೆಕ್ಷನ್ ಗ್ಯಾರಂಟಿ’ ಎನ್ನುವವರು ಎಲ್ಲ ಮೈದಾನದಲ್ಲೂ ಸಿಗುತ್ತಾರೆ. ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ಹೇಳುವ ಪರೀಕ್ಷೆ ಈಗಿದೆ. ಸಿಕ್ಕಿಬಿದ್ದರೆ ನಿಷೇಧ ಮಗುವಿಗೆ, ಸಲಹೆ ಕೊಟ್ಟವನಿಗಲ್ಲ.

10. ಆಟ ಬದಲಿಸಲು ಹಿಂಜರಿಯಬೇಡಿ

ಬಳ್ಳಾರಿಯವರ ಬಗಲಲ್ಲೇ, ತೋರಣಗಲ್ಲಿನ ಜಿಂದಾಲ್ ಟೌನ್‌ಶಿಪ್‌ನಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. 2018ರಲ್ಲಿ ಶುರುವಾದ ಇಲ್ಲಿ ನೀರಜ್ ಚೋಪ್ರಾ ತರಬೇತಿ ಪಡೆದಿದ್ದಾರೆ. ಅಥ್ಲೆಟಿಕ್ಸ್, ಬಾಕ್ಸಿಂಗ್, ಕುಸ್ತಿ, ಜೂಡೊ ಇಲ್ಲಿನ ಮುಖ್ಯ ಆಟಗಳು. ಹಾಕಿಗಾಗಿ ಮೂರು ವರ್ಷ ಓಡಿದ ಹುಡುಗಿ 400 ಮೀಟರ್‌ನಲ್ಲಿ ಎಲ್ಲರನ್ನೂ ಹಿಂದೆ ಹಾಕುತ್ತಿದ್ದರೆ, ಟರ್ಫ್ ಹುಡುಕಿಕೊಂಡು ದೂರ ಹೋಗುವ ಮೊದಲು ಮನೆಯ ಹತ್ತಿರದ ಟ್ರ್ಯಾಕ್‌ನಲ್ಲಿ ಒಮ್ಮೆ ಟ್ರಯಲ್ಸ್‌ಗೆ ನಿಲ್ಲಿಸಿ. ಸ್ಟಿಕ್ ಮೂಲೆಗೆ ಬಿತ್ತಲ್ಲ ಎಂದು ಅಪ್ಪನಿಗೆ ಹೊಟ್ಟೆ ಉರಿಯಬಹುದು. ಹುಡುಗಿಗೆ ಉರಿಯುವುದಿಲ್ಲ.

11. ಒಂದು ಫೈಲ್ ಮಾಡಿ

ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲಾತಿ ಮೂರರಲ್ಲೂ ಹೆಸರಿನ ಸ್ಪೆಲಿಂಗ್, ಹುಟ್ಟಿದ ದಿನ ಒಂದೇ ಇರಲಿ. ‘ಬಸವರಾಜ’ ಒಂದರಲ್ಲಿ, ‘ಬಸವರಾಜು’ ಇನ್ನೊಂದರಲ್ಲಿ ಇದ್ದರೆ ಹಾಕಿ ಇಂಡಿಯಾದ ನೋಂದಣಿಯಲ್ಲೇ ತೊಡಕು ಶುರು. ಟೂರ್ನಿ ಮುಗಿದ ಸಂಜೆಯೇ ಪ್ರಮಾಣಪತ್ರಕ್ಕೆ ಸಹಿ-ಸೀಲು ಹಾಕಿಸಿಕೊಳ್ಳಿ, ಮರುದಿನ ಸಂಘಟಕರು ಸಿಗುವುದಿಲ್ಲ. ಸಂಘಟಿಸಿದವರು ಮಾನ್ಯತೆ ಪಡೆದ ಸಂಸ್ಥೆಯವರೇ ಎಂದು ಆಡುವ ಮೊದಲೇ ವಿಚಾರಿಸಿ. ಸಿಇಟಿಯ ಕ್ರೀಡಾ ಕೋಟಾದಲ್ಲಿ, ರೈಲ್ವೆ ಮತ್ತು ಸೇನೆಯ ಕ್ರೀಡಾ ನೇಮಕಾತಿಯಲ್ಲಿ ಕೇಳುವುದು ಆ ಮಾನ್ಯತೆಯನ್ನೇ. ಬಣ್ಣಬಣ್ಣದ ‘ರಾಷ್ಟ್ರಮಟ್ಟದ ಓಪನ್ ಚಾಂಪಿಯನ್‌ಷಿಪ್’ ಪತ್ರವನ್ನು ಅಲ್ಲಿ ಪಕ್ಕಕ್ಕೆ ಸರಿಸುತ್ತಾರೆ, ಪ್ರವೇಶ ಶುಲ್ಕ ಎಷ್ಟೇ ಕಟ್ಟಿರಿ. ಎಲ್ಲದರ ಎರಡೆರಡು ಜೆರಾಕ್ಸ್ ತೆಗೆಸಿ, ಒಂದನ್ನು ಅಜ್ಜಿಯ ಟ್ರಂಕಿನಲ್ಲಿಡಿ.