ಸಾಗು ಮಾಡುವ ಮುನ್ನ ಇಂಗಿನ ಡಬ್ಬಿ ಓದಿ

ಊಟಕ್ಕೆ ಬರುವವರಲ್ಲಿ ಯಾರಿಗಾದರೂ ಅಲರ್ಜಿ ಇದೆಯೆಂದು ಗೊತ್ತಾದರೆ, ತರಕಾರಿ ಹೆಚ್ಚುವ ಮೊದಲೇ ಒಂದು ಫೋನ್ ಮಾಡಿ. ‘ಏನು ತಿಂದರೆ ಆಗೋಲ್ಲ? ಸ್ವಲ್ಪ ಸೋಕಿದರೂ ತೊಂದರೆಯಾ?’ ಎಂದು ನೇರವಾಗಿ ಕೇಳಿ. ಸಂಕೋಚ ಬೇಡ.

ಗೋಡಂಬಿ ಆಗದವರಿಗೆ ಸಾಗು ಮಾಡುವುದು ಸುಲಭ. ತೆಂಗಿನತುರಿ, ಹುರಿಗಡಲೆ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ಶುಂಠಿ ನುಣ್ಣಗೆ ರುಬ್ಬಿದರೆ ಸಾಕಷ್ಟು ಗಟ್ಟಿ ಬರುತ್ತದೆ. ಕಡಲೆಬೀಜದ ಅಲರ್ಜಿ ಇರುವ ಕೆಲವರಿಗೆ ಹುರಿಗಡಲೆಯೂ ಆಗದು. ಆಗ ಬೆಂದ ಆಲೂಗಡ್ಡೆಯನ್ನೇ ಕಿವುಚಿ ಹಾಕಿ. ಎಣ್ಣೆಯೂ ಕಡಲೆಕಾಯಿಯದು ಬೇಡ, ಸೂರ್ಯಕಾಂತಿ ಇರಲಿ.

ಹೆಚ್ಚಿನವರು ಮರೆಯುವುದು ಇಂಗನ್ನು. ಅಂಗಡಿಯ ಇಂಗಿನ ಪುಡಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಗೋಧಿ ಆಗದವರಿಗೆ ಆ ಒಂದು ಚಿಟಿಕೆಯೂ ಅಪಾಯ. ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ. ಸಿಗದಿದ್ದರೆ ಬೆಳ್ಳುಳ್ಳಿ ಒಗ್ಗರಣೆ ಕೊಡಿ, ಘಮಕ್ಕೇನೂ ಕೊರತೆಯಾಗದು. ಸಾಸಿವೆ ಆಗದವರೂ ಇದ್ದಾರೆ, ಅವರಿಗೆ ಜೀರಿಗೆ.

ಇನ್ನು ಮಿಕ್ಸಿ ಜಾರು. ನಿನ್ನೆಯ ಕಡಲೆಬೀಜದ ಚಟ್ನಿ ಬ್ಲೇಡಿನ ಅಡಿಯಲ್ಲಿ, ಮುಚ್ಚಳದ ರಬ್ಬರಿನ ಸಂದಿಯಲ್ಲಿ ಅಂಟಿಕೊಂಡೇ ಇರುತ್ತದೆ. ಬರೀ ನೀರು ಹಾಕಿ ಗಲಬರಿಸಿದರೆ ಸಾಲದು. ರಬ್ಬರ್ ಬಿಚ್ಚಿ, ಸೋಪು ಹಾಕಿ ಉಜ್ಜಿ ತೊಳೆಯಿರಿ. ಬಡಿಸುವಾಗಲೂ ಅಷ್ಟೇ, ಚಿತ್ರಾನ್ನದ ಸೌಟು ಸಾಗಿನ ಪಾತ್ರೆಗೆ ಬೀಳದಂತೆ ನೋಡಿಕೊಳ್ಳಿ.