ಪೂರಕ ಗಣಕ್ಕೆ ಮೊದಲು ವಿಶ್ವಗಣ

ಗಣಿತದಲ್ಲಿ ಪೂರಕ ಗಣವೆಂದರೆ, ಚರ್ಚೆಗೆ ಒಳಪಟ್ಟ ಸಮಸ್ತ ವಸ್ತುಗಳ ಗಣವಾದ ವಿಶ್ವಗಣದಲ್ಲಿದ್ದು, ಕೊಟ್ಟ ಗಣದಲ್ಲಿ ಇಲ್ಲದ ಗಣಾಂಶಗಳ ಸಮೂಹ. ಆದ್ದರಿಂದ ಪೂರಕ ಗಣವನ್ನು ಬರೆಯಹೊರಟ ವಿದ್ಯಾರ್ಥಿಯು ಮೊದಲು ವಿಶ್ವಗಣ ಯಾವುದೆಂದು ಖಚಿತಪಡಿಸಿಕೊಳ್ಳುವುದು ಒಳಿತು.

ಉದಾಹರಣೆಗೆ, 2015ರ ನವೆಂಬರ್‌ನಲ್ಲಿ ಬೆಂಗಳೂರಿನ ವಿಜಯನಗರಕ್ಕೆ ಬಂದ ನೇರಳೆ ಮಾರ್ಗದ ಮಾಗಡಿ ರಸ್ತೆ, ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆ, ದೀಪಾಂಜಲಿನಗರ, ಮೈಸೂರು ರಸ್ತೆ ಎಂಬ ಆರು ಮೆಟ್ರೊ ನಿಲ್ದಾಣಗಳನ್ನು ವಿಶ್ವಗಣವೆಂದು ಭಾವಿಸಿ, ‘ರಸ್ತೆ’ ಎಂದು ಮುಗಿಯುವ ಹೆಸರುಗಳ ಗಣವನ್ನು ‘ರ’ ಎಂದು ಕರೆದರೆ, ಅದರಲ್ಲಿ ಎರಡೂ ಅದರ ಪೂರಕದಲ್ಲಿ ನಾಲ್ಕೂ ನಿಲ್ದಾಣಗಳಿರುತ್ತವೆ. 2021ರಲ್ಲಿ ಕೆಂಗೇರಿಯವರೆಗೆ ತೆರೆದ ಆರು ನಿಲ್ದಾಣಗಳನ್ನೂ ವಿಶ್ವಗಣಕ್ಕೆ ಸೇರಿಸಿದರೆ, ‘ರ’ ಗಣವು ಕಿಂಚಿತ್ತೂ ಬದಲಾಗದಿದ್ದರೂ ಅದರ ಪೂರಕವು ಹತ್ತಕ್ಕೇರುತ್ತದೆ.

ಹಲವರು ಎಡವುವುದು ಎರಡು ಗಣಗಳ ಸಂಯೋಗದ, ಅಂದರೆ ಎರಡರ ಗಣಾಂಶಗಳನ್ನೂ ಒಟ್ಟುಗೂಡಿಸಿದ ಗಣದ, ಪೂರಕವನ್ನು ಕಂಡುಹಿಡಿಯುವಾಗ. ಮೊದಲಿನ ಆರು ನಿಲ್ದಾಣಗಳಲ್ಲಿ ‘ನಗರ’ ಎಂದು ಮುಗಿಯುವ ವಿಜಯನಗರ, ದೀಪಾಂಜಲಿನಗರಗಳ ಗಣವನ್ನು ‘ನ’ ಎಂದು ಕರೆದರೆ, ‘ರ’ ಮತ್ತು ‘ನ’ ಗಣಗಳ ಸಂಯೋಗದ ಪೂರಕದಲ್ಲಿ ಹೊಸಹಳ್ಳಿ, ಅತ್ತಿಗುಪ್ಪೆಗಳು ಮಾತ್ರ ಉಳಿಯುತ್ತವೆ; ಎರಡೂ ಪೂರಕಗಳ ಛೇದನ, ಅಂದರೆ ಅವೆರಡಕ್ಕೂ ಸಾಮಾನ್ಯವಾದ ಗಣಾಂಶಗಳು, ಇವೇ ಆಗಿವೆ. ಛೇದನದ ಬದಲು ಪೂರಕಗಳ ಸಂಯೋಗವನ್ನು ಬರೆದರೆ ಆರೂ ನಿಲ್ದಾಣಗಳು ಸೇರಿ ಉತ್ತರವು ತಪ್ಪಾಗುತ್ತದೆ. ಸಂಯೋಗದ ಪೂರಕವು ಪೂರಕಗಳ ಛೇದನಕ್ಕೆ ಸಮ ಎಂಬ ಈ ನಿಯಮವು 1806ರಲ್ಲಿ ಮದುರೆಯಲ್ಲಿ ಜನಿಸಿದ ಗಣಿತಜ್ಞ ಅಗಸ್ಟಸ್ ಡಿ ಮಾರ್ಗನ್‌ನ ಹೆಸರಿನಲ್ಲಿದೆ.

ಗಣವನ್ನೂ ಅದರ ಪೂರಕವನ್ನೂ ಕೂಡಿಸಿದಾಗ ವಿಶ್ವಗಣ ದೊರೆತು, ಅವೆರಡರ ಛೇದನ ಶೂನ್ಯಗಣವಾದರೆ ಮಾತ್ರ ಉತ್ತರ ಸರಿಯಾದುದೆಂದು ತಿಳಿಯಬೇಕು.